ಪರದೆಯ ಹಿಂದಿನ ಕಣ್ಣು

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವಿಜ್ಞಾನಿಯೊಬ್ಬರನ್ನು ಕರೆಯಬೇಕಾದ ವೇದಿಕೆಗೆ ನಮ್ಮ ಕಾರ್ಯದರ್ಶಿಗಳು ಬ್ಯಾಂಕಿನ ಗುಮಾಸ್ತನೊಬ್ಬನನ್ನು ಹತ್ತಿಸಿದ್ದಾರೆ. ನಾನು ಓದಿದ್ದು ಬಿ.ಕಾಂ.; ದಿನವೆಲ್ಲ ಮಾಡುವುದು ಜಮಾ-ಖರ್ಚಿನ ಕೆಲಸ. ಆದರೂ ಈ ವಿಷಯವನ್ನು ಆರಿಸಿಕೊಂಡವನು ನಾನೇ. ಅದು ಹುಟ್ಟಿದ್ದು ನನ್ನ ಕೌಂಟರಿನಲ್ಲಿ. ನಮ್ಮ ಶಾಖೆಗೆ ಬರುವ ಕನ್ನಡದ ಹಿರಿಯರೊಬ್ಬರು, ನಿವೃತ್ತ ಮಾಸ್ತರರು, ಮಗ ಕೊಡಿಸಿದ ಹೊಸ ಫೋನನ್ನು ನನ್ನ ಮುಂದಿಟ್ಟು ಕೇಳಿದರು: "ಇದರಾಗ ಗುಂಡಿ ಇಲ್ಲ, ತೂತಿಲ್ಲ, ಬರೇ ಗಾಜು. ಗಾಜಿನ ಮ್ಯಾಲೆ ಹೆಬ್ಬೆಟ್ಟು ಇಟ್ರ ಇವ ನಾನಽ ಅಂತ ಅದಕ್ಕ ಹ್ಯಾಂಗ ತಿಳೀತದ? ಆ ಹೆಬ್ಬೆಟ್ಟು ನಿಮ್ಮ ಬ್ಯಾಂಕಿಗೆ ಬರ್ತದೇನು?" ಎರಡನೆಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಹೇಳಿದೆ. ಹಿಂದೆ ಸರದಿ ಬೆಳೆಯುತ್ತಿದ್ದುದರಿಂದ ಮೊದಲನೆಯದನ್ನು ಸಂಘದಲ್ಲಿ ಹೇಳುವೆನೆಂದು ಮಾತು ಕೊಟ್ಟೆ. ಆ ಸಾಲವನ್ನು ಈಗ ತೀರಿಸುತ್ತಿದ್ದೇನೆ.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಫೋನಿನ ಮುಖವನ್ನು ತಾವು ನೆನಪಿಗೆ ತಂದುಕೊಳ್ಳಬೇಕು. ನಡುವೆ ಪರದೆ, ಮೇಲೂ ಕೆಳಗೂ ಒಂದೊಂದು ಅಗಲವಾದ ಪಟ್ಟಿ. ಮೇಲಿನ ಪಟ್ಟಿಯಲ್ಲಿ ಕ್ಯಾಮರಾ, ಕಿವಿಗೆ ಹಿಡಿಯುವ ಸ್ಪೀಕರು, ಕೋಣೆಯ ಬೆಳಕನ್ನು ಅಳೆಯುವ ಸೆನ್ಸರು, ಫೋನು ಕೆನ್ನೆಯ ಹತ್ತಿರ ಬಂತೆಂದು ತಿಳಿಯುವ ಇನ್ನೊಂದು ಸೆನ್ಸರು, ಇವೆಲ್ಲ ಬಾಡಿಗೆಗೆ ಇದ್ದುವು. ಕೆಳಗಿನ ಪಟ್ಟಿಯಲ್ಲಿ ಅನೇಕ ಫೋನುಗಳಿಗೆ ಬೆರಳಚ್ಚಿನ ಗುಂಡಿ ಇತ್ತು. ಮುಂದೆ ಮುಖವೆಲ್ಲ ಪರದೆಯೇ ಆಗಬೇಕೆಂಬ ಆಸೆ ಹುಟ್ಟಿತು. ಮಾಲಿಕನು ಹಜಾರವನ್ನು ಬೆಳೆಸಲು ಹೊರಟರೆ ಬಾಡಿಗೆದಾರನ ಗತಿ ಏನಾಗುತ್ತದೆಂಬುದನ್ನು, ಈ ಪುಣೆಗೆ ಬಂದು ಮನೆ ಹುಡುಕಿದ ನಮಗಾರಿಗೂ ವಿವರಿಸಬೇಕಾಗಿಲ್ಲ. ೨೦೧೭ರ ಐಫೋನ್ ಎಕ್ಸ್ ಪರದೆಯ ಮೇಲಂಚಿನಲ್ಲಿ ಒಂದು ಕಚ್ಚು ಬಿಟ್ಟು ಅಲ್ಲಿ ಅವರನ್ನು ಕೂಡಿಸಿತು. ೨೦೧೮ರ ವಿವೋ ನೆಕ್ಸ್‌ನಲ್ಲಿ ಕ್ಯಾಮರಾ ಒಳಗೆ ಅಡಗಿದ್ದು, ಕರೆದಾಗ ಮೋಟಾರಿನ ಬಲದಿಂದ ಮೇಲೆ ತಲೆಯೆತ್ತುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಪರದೆಯಲ್ಲೇ ಗುಂಡಾದ ರಂಧ್ರ ಕೊರೆದ ಫೋನುಗಳನ್ನು ಸ್ಯಾಮ್‌ಸಂಗ್, ಹುವಾವೆ ಕಂಪನಿಗಳು ಹೊರಗೆ ತಂದುವು. ಇಂದು ನಮ್ಮಲ್ಲಿ ಬಹಳ ಜನರ ಕೈಯಲ್ಲಿರುವುದು ಈ ರಂಧ್ರದ ಬಗೆಯೇ. ಆಮೇಲೆ ಉಳಿದ ದಾರಿ ಒಂದೇ: ನೆಲಮಾಳಿಗೆ. ಎಂದರೆ ಪರದೆಯ ಕೆಳಗೇ ಸಂಸಾರ ಹೂಡುವುದು.

ಪರದೆಯ ಕೆಳಗಿದ್ದು ಹೊರಗೆ ನೋಡಲು ಸಾಧ್ಯವೆ? ಹಳೆಯ ಎಲ್‌ಸಿಡಿ ಪರದೆಯಲ್ಲಿ ಅದು ಬಹಳ ಕಷ್ಟ. ಅಲ್ಲಿ ಹಿಂಬದಿಯಲ್ಲಿ ಒಂದು ದೀಪವೂ ಅದರ ಬೆಳಕನ್ನು ಮುಂದಕ್ಕೆ ತಳ್ಳುವ ಹಾಳೆಗಳೂ ಇರುತ್ತವೆ. ಅವು ಗೋಡೆಯಂತೆ ಅಡ್ಡ ಬರುತ್ತವೆ. ಓಎಲ್‌ಇಡಿ ಎಂಬ ಹೊಸ ಬಗೆಯಲ್ಲಿ ಹಿಂದಿನ ದೀಪವೇ ಇಲ್ಲ. ಒಂದೊಂದು ಚುಕ್ಕಿಯೂ, ಅದನ್ನೇ ಪಿಕ್ಸೆಲ್ ಎನ್ನುತ್ತಾರೆ, ತನ್ನ ಬೆಳಕನ್ನು ತಾನೇ ಕೊಡುತ್ತದೆ. ಒಂದಂಗುಲ ಉದ್ದದಲ್ಲಿ ಇಂಥ ೪೦೦ ಚುಕ್ಕಿಗಳಿದ್ದರೆ ಒಂದು ಚುಕ್ಕಿಯ ಪಾಲಿಗೆ ಬರುವ ಜಾಗ ಹೆಚ್ಚುಕಡಿಮೆ ಒಂದು ತಲೆಗೂದಲಿನ ಅಗಲ. ಆ ಜಾಗವನ್ನೂ ಚುಕ್ಕಿ ಪೂರ್ತಿ ತುಂಬಿರುವುದಿಲ್ಲ. ಪಕ್ಕದಲ್ಲಿ ಸಣ್ಣ ಸಂದು ಉಳಿದಿರುತ್ತದೆ. ಸಂದಿನಲ್ಲಿ ಹಾದು ಕೆಳಗಿಳಿದ ಬೆಳಕೇ ನೆಲಮಾಳಿಗೆಯವರ ಜೀವನ.

ಇನ್ನು ಮಾಸ್ತರರ ಹೆಬ್ಬೆಟ್ಟಿಗೆ ಬರೋಣ. ಪರದೆಯ ಕೆಳಗೆ ಬೆರಳಚ್ಚಿನ ಸೆನ್ಸರು ಇಟ್ಟು ಮಾರಾಟಕ್ಕೆ ಬಂದ ಮೊದಲ ಫೋನು ೨೦೧೮ರ ಆರಂಭದಲ್ಲಿ ವಿವೋ ಕಂಪನಿ ಚೀನದಲ್ಲಿ ತಂದದ್ದು. ಅದರ ಉಪಾಯ ಸರಳ. ನೀವು ಬೆರಳಿಟ್ಟ ಕೂಡಲೇ ಆ ಜಾಗದ ಚುಕ್ಕಿಗಳು ಪ್ರಕಾಶವಾಗಿ ಉರಿದು ಬೆರಳಿಗೆ ಬೆಳಕು ಹಿಡಿಯುತ್ತವೆ. ಬೆರಳಿನ ಗೆರೆ ಗಾಜಿಗೆ ಅಂಟಿದಲ್ಲಿ ಒಂದು ತೆರ, ಗೆರೆಗಳ ನಡುವಿನ ತಗ್ಗಿನಲ್ಲಿ ಇನ್ನೊಂದು ತೆರ ಬೆಳಕು ಹಿಂತಿರುಗುತ್ತದೆ. ಅದು ಸಂದುಗಳಲ್ಲಿ ಇಳಿದು ಕೆಳಗಿನ ಸೆನ್ಸರಿನ ಮೇಲೆ ಚಿತ್ರವಾಗುತ್ತದೆ. ನಮ್ಮಲ್ಲಿ ಮಸಿ ಹಚ್ಚಿ ಕಾಗದಕ್ಕೆ ಒತ್ತುತ್ತಿದ್ದ ಹೆಬ್ಬೆಟ್ಟೇ ಇದು; ಮಸಿಯ ಬದಲು ಬೆಳಕು, ಅಷ್ಟೆ. ಇನ್ನೊಂದು ಬಗೆಯಲ್ಲಿ ಬೆಳಕೂ ಬೇಡ. ಕಿವಿಗೆ ಕೇಳಿಸದ ಶ್ರವಣಾತೀತ ಶಬ್ದವನ್ನು ಕೆಳಗಿನಿಂದ ಗಾಜಿನ ಮೂಲಕ ಮೇಲೆ ಕಳಿಸಿ ಅದರ ಪ್ರತಿಧ್ವನಿಯಿಂದ ಗೆರೆ ಯಾವುದು, ತಗ್ಗು ಯಾವುದು ಎಂದು ತಿಳಿಯುತ್ತಾರೆ. ೨೦೧೯ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ೧೦ ಈ ಬಗೆಯದು.

ಆ ಫೋನಿನ ಒಂದು ಪ್ರಸಂಗ ನನ್ನಂಥ ಬ್ಯಾಂಕಿನವನು ಮರೆಯತಕ್ಕದ್ದಲ್ಲ. ಅದೇ ೨೦೧೯ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು ತಮ್ಮ ಫೋನಿನ ಗಾಜಿಗೆ ಒಂದು ಹೊದಿಕೆ ಹಾಕಿಸಿದ ಮೇಲೆ ಯಾರ ಬೆರಳಿಟ್ಟರೂ ಅದು ತೆರೆದುಕೊಳ್ಳುತ್ತಿದೆಯೆಂದು ಪತ್ರಿಕೆಯಲ್ಲಿ ಬಂತು. ಪರೀಕ್ಷಿಸಿ ನೋಡಿದರೆ, ಕೆಲವು ಸಿಲಿಕೋನ್ ಹೊದಿಕೆಗಳ ಮೇಲಿದ್ದ ಉಬ್ಬುತಗ್ಗಿನ ವಿನ್ಯಾಸವನ್ನೇ ಸೆನ್ಸರು ಒಡತಿಯ ಬೆರಳೆಂದು ಬಗೆದಿತ್ತು. ಕಂಪನಿ ಅದನ್ನು ಒಪ್ಪಿ ಅದೇ ತಿಂಗಳು ಸಾಫ್ಟ್‌ವೇರಿನಲ್ಲಿ ತಿದ್ದುಪಡಿ ಕಳಿಸಿತು. ಅಷ್ಟರಲ್ಲಿ ದಕ್ಷಿಣ ಕೊರಿಯದ ಕಾಕಾವೋ ಬ್ಯಾಂಕು ಬೆರಳಚ್ಚಿನ ಬಳಕೆಯನ್ನು ಸದ್ಯಕ್ಕೆ ನಿಲ್ಲಿಸಿರೆಂದು ತನ್ನ ಗ್ರಾಹಕರಿಗೆ ಹೇಳಿಬಿಟ್ಟಿತ್ತು. ಕಣ್ಣಿಗೆ ಕಾಣದ ಸೆನ್ಸರಿನ ತೊಡಕು ಇದೇ. ಮೊದಲಿನ ಗುಂಡಿಯ ಮೇಲೆ ಯಾರೂ ಹೊದಿಕೆ ಹಾಕುತ್ತಿರಲಿಲ್ಲ, ಏಕೆಂದರೆ ಅದು ಗುಂಡಿಯೆಂದು ಎಲ್ಲರಿಗೂ ಕಾಣುತ್ತಿತ್ತು. ಈಗ ಗಾಜೇ ಗುಂಡಿ. ಗಾಜಿನ ಮೇಲೆ ನೂರು ರೂಪಾಯಿಯ ಹಾಳೆ ಅಂಟಿಸುವ ಅಂಗಡಿಯವನು ತನಗರಿವಿಲ್ಲದೆ ಬೀಗದ ಮೇಲೆ ಕೈಮಾಡುತ್ತಿದ್ದಾನೆ. ಹೊಸ ಹೊದಿಕೆ ಹಾಕಿಸಿದ ದಿನ ನಿಮ್ಮ ಬೆರಳನ್ನಷ್ಟೇ ಅಲ್ಲ, ಮನೆಯ ಇನ್ನೊಬ್ಬರ ಬೆರಳನ್ನೂ ಇಟ್ಟು ನೋಡಿರಿ. ಅದಕ್ಕೆ ಖರ್ಚೇನೂ ಇಲ್ಲ.

ಮಾಸ್ತರರ ಎರಡನೆಯ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಸಭೆಗೂ ಹೇಳಿಬಿಡುತ್ತೇನೆ. ಫೋನಿನ ಗಾಜಿನ ಮೇಲಿಟ್ಟ ಹೆಬ್ಬೆಟ್ಟು ಬ್ಯಾಂಕಿಗೆ ಬರುವುದಿಲ್ಲ. ಅದು ಫೋನಿನ ಒಳಗೇ ಬೇರೆಯಾದ ಒಂದು ಭದ್ರ ಭಾಗದಲ್ಲಿ ಉಳಿಯುತ್ತದೆ. ಬೆರಳು ಹೊಂದಿತು ಅಥವಾ ಹೊಂದಲಿಲ್ಲ ಎಂಬಷ್ಟನ್ನೇ ಫೋನು ಬ್ಯಾಂಕಿನ ಆ್ಯಪಿಗೆ ಹೇಳುತ್ತದೆ. ಆಧಾರಿಗಾಗಿ ಕೌಂಟರಿನ ಯಂತ್ರದ ಮೇಲೆ ಒತ್ತುವ ಹೆಬ್ಬೆಟ್ಟಿನ ಸಂಗತಿ ಬೇರೆ. ಅದು ಹೊಂದಿಸಿ ನೋಡುವುದಕ್ಕಾಗಿ ಹೊರಗೆ ಹೋಗುತ್ತದೆ. ಆದರೆ ಫೋನಿನೊಳಗಿನ ಏರ್ಪಾಡಿಗೆ ಇನ್ನೊಂದು ಮುಖವೂ ಇದೆ. ಆಟವಾಡಲೆಂದು ಮೊಮ್ಮಗನ ಬೆರಳನ್ನೂ ಆ ಫೋನಿನಲ್ಲಿ ದಾಖಲು ಮಾಡಿಟ್ಟಿದ್ದರೆ, ಫೋನಿನ ಲೆಕ್ಕದಲ್ಲಿ ಅಜ್ಜನೂ ಮೊಮ್ಮಗನೂ ಒಬ್ಬರೇ.

ಬೆಳಕಿನ ಸೆನ್ಸರಿನ ವಿಷಯ ಚಿಕ್ಕದು. ಪರದೆಯ ಕೆಳಗೆ ಕುಳಿತು ಕೋಣೆಯ ಬೆಳಕನ್ನು ಅಳೆಯಬೇಕಾದರೆ ತಲೆಯ ಮೇಲೆ ಉರಿಯುತ್ತಿರುವ ಪರದೆಯ ಬೆಳಕನ್ನು ಕಳೆಯಬೇಕು. ಅದಕ್ಕೆ ಕೆಲವರು ಚುಕ್ಕಿಗಳು ಕ್ಷಣಮಾತ್ರ ಆರುವ ಹೊತ್ತನ್ನು ಕಾದು ಅಳೆಯುತ್ತಾರೆ. ಕೆನ್ನೆಯನ್ನು ಗುರುತಿಸುವ ಸೆನ್ಸರು ಕಣ್ಣಿಗೆ ಕಾಣದ ಅವಕೆಂಪು ಕಿರಣ ಬಿಡುತ್ತದೆ. ಅದು ಮೇಲಿನ ಚುಕ್ಕಿಗಳ ವಿದ್ಯುತ್ತನ್ನು ಕದಡಿದರೆ, ಕರೆಯ ಹೊತ್ತಿನಲ್ಲಿ ಪರದೆಯ ತುದಿಯಲ್ಲಿ ಬಿಳಿಯ ಚುಕ್ಕಿಯೊಂದು ಮಿನುಗುವುದುಂಟು. ಅದನ್ನು ಕಂಡು ಫೋನು ಕೆಟ್ಟಿತೆಂದು ರಿಪೇರಿಯವರಲ್ಲಿಗೆ ಓಡಬೇಕಾಗಿಲ್ಲ.

ನಿಜವಾದ ಕಷ್ಟವಿರುವುದು ಕ್ಯಾಮರಾದಲ್ಲಿ. ಬೆರಳು ಗಾಜಿಗೆ ಅಂಟಿರುತ್ತದೆ, ದೀಪವೂ ನಮ್ಮದೇ. ಕ್ಯಾಮರಾ ನೋಡಬೇಕಾದ ಮುಖ ದೂರದಲ್ಲಿದೆ. ಬೆಳಕು ಕೋಣೆಯದು, ಬಂದಷ್ಟು ಬಂತು. ಇದನ್ನು ನಾನು ನನ್ನ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಪರದೆಯ ಆ ತುಣುಕು ಒಂದೇ ಖಾತೆ. ಹೊರಗೆ ಕೊಡುವ ಬೆಳಕೂ ಒಳಗೆ ಬಿಟ್ಟುಕೊಳ್ಳುವ ಬೆಳಕೂ ಅದೇ ಖಾತೆಯಿಂದ ಹೋಗಬೇಕು. ಚುಕ್ಕಿಗಳು ದೊಡ್ಡವಾದರೆ ಚಿತ್ರ ಚೆನ್ನ, ಸಂದು ಸಣ್ಣದು. ಸಂದು ದೊಡ್ಡದಾದರೆ ಕ್ಯಾಮರಾಕ್ಕೆ ಹಿತ, ಚಿತ್ರಕ್ಕೆ ಕೊರತೆ. ಮೈಕ್ರೋಸಾಫ್ಟ್ ಕಂಪನಿಯ ಸಂಶೋಧಕರು ಈ ಲೆಕ್ಕವನ್ನು ಅಳೆದು ಪ್ರಕಟಿಸಿದ್ದಾರೆ. ಪಾರದರ್ಶಕವೆಂದೇ ಮಾಡಿದ ಒಂದು ಪರದೆಯ ಮೂಲಕ ಬಂದ ಬೆಳಕು ನೂರಕ್ಕೆ ಸುಮಾರು ೨೦. ಫೋನುಗಳಲ್ಲಿ ಬಳಸುವ ಬಗೆಯದರ ಮೂಲಕ ನೂರಕ್ಕೆ ೩ ಕೂಡ ಇಲ್ಲ. ಸಂದು ಇಷ್ಟಿದ್ದರೂ ಬೆಳಕೇಕೆ ಅಷ್ಟು ಸೋರಿಹೋಗುತ್ತದೆ? ಚುಕ್ಕಿಗಳ ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಹಳದಿ ಬಣ್ಣದ್ದು, ಅದು ನೀಲಿ ಬೆಳಕನ್ನು ನುಂಗುತ್ತದೆ. ಮೇಲೆ ಬಿಸಿಲಿನ ಪ್ರತಿಫಲನವನ್ನು ತಡೆಯಲೆಂದು ಹಾಕಿದ ಪೋಲರೈಸರ್ ಹಾಳೆ ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿನ್ನುತ್ತದೆ. ನಡುವೆ ಲೋಹದ ತಂತಿಗಳಿವೆ.

ಕೊರತೆ ಬೆಳಕಿನದೊಂದೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಬಂದ ಬೆಳಕೂ ನೆಟ್ಟಗೆ ಬರುವುದಿಲ್ಲ. ಇದಕ್ಕೆ ಹಳೆಯದೊಂದು ಕಥೆಯಿದೆ. ಅಮೆರಿಕದ ಫಿಲಡೆಲ್ಫಿಯದಲ್ಲಿ ಫ್ರಾನ್ಸಿಸ್ ಹಾಪ್ಕಿನ್ಸನ್ ಎಂಬವರು ಒಂದು ಸಂಜೆ ರೇಷ್ಮೆಯ ಕರವಸ್ತ್ರವನ್ನು ಕಣ್ಣಿಗಡ್ಡ ಹಿಡಿದು ಬೀದಿಯ ದೀಪವನ್ನು ನೋಡಿದರು. ಬಟ್ಟೆಯ ಎಳೆಗಳು ದೊಡ್ಡದಾಗಿ ಕಂಡುವು. ಕರವಸ್ತ್ರವನ್ನು ಅತ್ತಿತ್ತ ಸರಿಸಿದರೂ ಆ ಗೆರೆಗಳು ಸರಿಯಲಿಲ್ಲ. ಇದೇನೆಂದು ಅವರು ೧೭೮೫ರಲ್ಲಿ ಖಗೋಳಜ್ಞ ಡೇವಿಡ್ ರಿಟನ್‌ಹೌಸ್ ಅವರನ್ನು ಕೇಳಿದರು. ರಿಟನ್‌ಹೌಸ್ ಕೂದಲುಗಳನ್ನು ಸಮಾನಾಂತರವಾಗಿ ಬಿಗಿದು ಪರೀಕ್ಷಿಸಿ, ಬೆಳಕು ಸಣ್ಣ ಸಂದುಗಳಲ್ಲಿ ಹಾಯುವಾಗ ಬಾಗಿ ಹಲವು ಕವಲಾಗುತ್ತದೆಂದು ತೋರಿಸಿದರು. ಶಾಲೆಯಲ್ಲಿ ನಾವು ವಿವರ್ತನೆಯೆಂದು ಓದುವುದು ಇದನ್ನೇ. ನಮ್ಮ ಸೋದರಿಯರು ಸೀರೆಯ ತೆಳುವಾದ ಸೆರಗನ್ನು ಕಣ್ಣಿಗೆ ಹತ್ತಿರ ಹಿಡಿದು ದೂರದ ಬೀದಿದೀಪವನ್ನು ನೋಡಿದರೆ ಒಂದು ದೀಪ ಶಿಲುಬೆಯಾಕಾರದಲ್ಲಿ ಹಲವಾಗಿ ಕಾಣುವುದು. ಪರದೆಯ ಕೆಳಗಿನ ಕ್ಯಾಮರಾ ಲೋಕವನ್ನೆಲ್ಲ ಸದಾಕಾಲ ಹೀಗೆ ಸೆರಗಿನ ಮರೆಯಿಂದಲೇ ನೋಡಬೇಕು.

ವಿನ್ಯಾಸಕಾರರು ಇದಕ್ಕೆ ಮಾಡಿದ ಉಪಾಯಗಳು ಒಂದೆರಡಲ್ಲ. ಮಾರಾಟಕ್ಕೆ ಬಂದ ಮೊದಲ ಫೋನು ೨೦೨೦ರ ಝಡ್‌ಟಿಇ ಆ್ಯಕ್ಸನ್ ೨೦. ಅದರಲ್ಲಿ ಕ್ಯಾಮರಾದ ಮೇಲಿನ ತುಣುಕಿನಲ್ಲಷ್ಟೇ ಚುಕ್ಕಿಗಳನ್ನು ವಿರಳ ಮಾಡಿ ಅಂಗುಲಕ್ಕೆ ೨೦೦ ಇಟ್ಟರು. ಉದ್ದದಲ್ಲೂ ಅಗಲದಲ್ಲೂ ಅರ್ಧವಾದರೆ ಒಟ್ಟು ಸಂಖ್ಯೆ ಕಾಲುಭಾಗಕ್ಕೆ ಇಳಿಯುತ್ತದೆಂಬುದು ನಮಗೆ ತಿಳಿದ ಲೆಕ್ಕ. ಬಿಳಿಯ ಪುಟ ತೆರೆದರೆ ಅಲ್ಲಿ ಸೊಳ್ಳೆಪರದೆಯ ತುಂಡು ಅಂಟಿಸಿದಂತೆ ಕಾಣುತ್ತಿತ್ತು. ಮರುವರ್ಷ ಅದೇ ಕಂಪನಿ ಚುಕ್ಕಿಗಳನ್ನೇ ಚಿಕ್ಕದು ಮಾಡಿ ಸಂಖ್ಯೆಯನ್ನು ೪೦೦ಕ್ಕೆ ಏರಿಸಿತು. ತೇಪೆ ಬಹುಮಟ್ಟಿಗೆ ಮರೆಯಾಯಿತು. ಆದರೆ ಚಿಕ್ಕ ಚುಕ್ಕಿ ನೆರೆಯವರಷ್ಟೇ ಬೆಳಗಬೇಕಾದರೆ ಹೆಚ್ಚು ವಿದ್ಯುತ್ತು ಕುಡಿಯಬೇಕು, ಹೆಚ್ಚು ದುಡಿದದ್ದು ಬೇಗ ಮುದಿಯಾಗುತ್ತದೆ. ಲೋಹದ ತಂತಿಗೆ ಬದಲು ಪಾರದರ್ಶಕ ತಂತಿ ಎಳೆದರು. ಹಳದಿ ಹಾಳೆಯ ಬದಲು ತಿಳಿಯಾದದ್ದನ್ನು ಹಾಸಿದರು. ಸಾಲುಸಾಲಾಗಿ ನಿಂತ ಚುಕ್ಕಿಗಳನ್ನು ಬೇಕೆಂದೇ ಅಸ್ತವ್ಯಸ್ತ ಮಾಡಿ ವಿವರ್ತನೆಯನ್ನು ಚದುರಿಸಿದರು. ಕೊನೆಗೂ ಮಸುಕಾಗಿ ಬಂದ ಚಿತ್ರವನ್ನು ಗಣಕದ ಬಲದಿಂದ ತೊಳೆದು ತಿದ್ದುವುದು ತಪ್ಪಲಿಲ್ಲ. ಅದಕ್ಕಾಗಿ ಒಂದೇ ದೃಶ್ಯವನ್ನು ಪರದೆಯಿಲ್ಲದೆಯೂ ಪರದೆಯ ಹಿಂದಿನಿಂದಲೂ ಸಾವಿರಾರು ಸಲ ತೋರಿಸಿ ಯಂತ್ರಕ್ಕೆ ಪಾಠ ಹೇಳಿಕೊಡುತ್ತಾರೆ. ಇಲ್ಲಿ ಲೆಕ್ಕಪತ್ರದವನಾದ ನನಗೆ ಕೊಂಚ ಅಳುಕು. ಬಾರದ ಬೆಳಕನ್ನು ಬಂದಂತೆ ಬರೆದುಕೊಳ್ಳುವುದನ್ನು ನಮ್ಮಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ.

ಇಷ್ಟೆಲ್ಲ ಪಾಡು ಯಾತಕ್ಕೆ? ಮುಖದ ಮೇಲಿನ ಒಂದು ರಂಧ್ರ ಮರೆಯಾಗಲೆಂದು ಮಾತ್ರವಾದರೆ, ನನ್ನ ಅಭಿಪ್ರಾಯದಲ್ಲಿ ಇದು ದುಂದು. ಆದರೆ ಇನ್ನೊಂದು ಪ್ರಯೋಜನವಿದೆ, ಅದು ನಮ್ಮಂಥ ಊರು ಬಿಟ್ಟವರಿಗೇ ಹೆಚ್ಚಾಗಿ ತಿಳಿಯುವಂಥದು. ಗದಗಿನಲ್ಲಿರುವ ನನ್ನ ತಾಯಿಯೊಡನೆ ವಾರಕ್ಕೆರಡು ಸಲ ವಿಡಿಯೋ ಕರೆಯಲ್ಲಿ ಮಾತಾಡುತ್ತೇನೆ. ಒಮ್ಮೆ ಅವಳು ಕೇಳಿದಳು: "ಯಾಕ ತಮ್ಮಾ, ಕೆಳಗ ನೋಡಿ ಮಾತಾಡ್ತಿ? ನನ್ನ ಮ್ಯಾಲೆ ಸಿಟ್ಟೇನು?" "ಇಲ್ಲಬೇ ಅವ್ವಾ, ನಿನ್ನ ಮಾರೀನ ನೋಡಾಕತ್ತೀನಿ" ಎಂದೆ. ನಾನು ಹೇಳಿದ್ದೂ ನಿಜ, ಅವಳಿಗೆ ಕಂಡದ್ದೂ ನಿಜ. ಅವಳ ಮುಖ ಪರದೆಯ ನಡುವೆ, ಕ್ಯಾಮರಾ ತುದಿಯಲ್ಲಿ. ಫೋನನ್ನು ಒಂದು ಮೊಳಕ್ಕಿಂತ ಕಡಮೆ ದೂರದಲ್ಲಿ ಹಿಡಿದು ಕ್ಯಾಮರಾದಿಂದ ಆರೇಳು ಸೆಂಟಿಮೀಟರು ಕೆಳಗೆ ನೋಡಿದರೆ ನೋಟ ಸುಮಾರು ಹತ್ತು ಡಿಗ್ರಿ ತಗ್ಗುತ್ತದೆ. ಎದುರಿನವರಿಗೆ ತಲೆತಪ್ಪಿಸಿ ಮಾತಾಡಿದಂತೆ ಕಾಣಲು ಅಷ್ಟು ಸಾಕು. ಅಂದು ನಾನು ಕ್ಯಾಮರಾದ ರಂಧ್ರವನ್ನೇ ದಿಟ್ಟಿಸಿ ಮಾತಾಡಿದೆ. ಅವಳಿಗೆ ಸಮಾಧಾನವಾಯಿತು. ಆದರೆ ಅಷ್ಟು ಹೊತ್ತೂ ನನಗೆ ಅವಳ ಮುಖ ಕಾಣಲಿಲ್ಲ. ನೋಡುವೆನೆಂದು ತೋರಿಸಬೇಕಾದರೆ ನೋಡುವುದನ್ನು ಬಿಡಬೇಕು! ಈ ಸಭೆಯಲ್ಲಿ ಊರಿನಲ್ಲಿ ತಂದೆತಾಯಿಗಳಿರುವವರು ಎಷ್ಟು ಜನ ಇದನ್ನು ಅನುಭವಿಸಿಲ್ಲ?

ಟೆಲಿವಿಷನ್ನಿನಲ್ಲಿ ವಾರ್ತೆ ಓದುವವರಿಗೆ ಈ ತೊಂದರೆಯಿಲ್ಲ. ಅವರ ಕ್ಯಾಮರಾದ ಮುಂದೆ ಓರೆಯಾಗಿ ಒಂದು ಗಾಜು ಇರುತ್ತದೆ. ಓದಬೇಕಾದ ಅಕ್ಷರಗಳು ಅದರಲ್ಲಿ ಪ್ರತಿಬಿಂಬಿಸುತ್ತವೆ, ಕ್ಯಾಮರಾ ಅದೇ ಗಾಜಿನ ಹಿಂದಿನಿಂದ ನೋಡುತ್ತದೆ. ಅಕ್ಷರ ಓದಿದರೂ ನಮ್ಮ ಕಣ್ಣನ್ನೇ ನೋಡಿದಂತಿರುತ್ತದೆ. ಪರದೆಯ ನಡುಮಧ್ಯದಲ್ಲಿ ಕ್ಯಾಮರಾವನ್ನು ಅಡಗಿಸಿದರೆ ಪ್ರತಿ ಫೋನೂ ಅಂಥ ಗಾಜೇ ಆಗಬಲ್ಲುದು. ನಾನು ಆಗಲೇ ಹೇಳಿದ ಮೈಕ್ರೋಸಾಫ್ಟ್ ಸಂಶೋಧಕರ ಉದ್ದೇಶವೂ ಇದೇ: ದೂರದಲ್ಲಿರುವವರು ಕಣ್ಣಿಗೆ ಕಣ್ಣಿಟ್ಟು ಮಾತಾಡಬೇಕು. ಇದಕ್ಕೆ ಬೆಳಕಿನ ಖಾತೆಯಿಂದ ಎಷ್ಟು ಖರ್ಚಾದರೂ ನಾನು ಆಕ್ಷೇಪಿಸಲಾರೆ.

ಆದರೆ ನಡೆದದ್ದೇನು? ಫೋನುಗಳನ್ನು ಮಾಡಿದವರು ಕ್ಯಾಮರಾವನ್ನು ಪರದೆಯ ಕೆಳಗೇನೋ ಇಳಿಸಿದರು, ಇಟ್ಟದ್ದು ಮಾತ್ರ ಹಳೆಯ ಜಾಗದಲ್ಲೇ, ತುದಿಯಲ್ಲಿ! ನಡುವೆ ಇಟ್ಟರೆ ತೇಪೆ ಎದ್ದು ಕಂಡೀತೆಂಬ ಭಯವಿದ್ದೀತು. ಪೂರ್ತಿ ಕೂಲಿ ಕೊಟ್ಟು ಅರ್ಧ ಕೆಲಸವನ್ನೂ ಮಾಡಿಸಿಕೊಳ್ಳಲಿಲ್ಲ. ಸ್ಯಾಮ್‌ಸಂಗ್ ಕಂಪನಿಯ ಮಡಿಸುವ ಫೋನು, ೨೦೨೧ರ ಝಡ್ ಫೋಲ್ಡ್ ೩, ಇದಕ್ಕೆ ಒಳ್ಳೆಯ ನಿದರ್ಶನ. ಹೊರಮೈಯ ಕ್ಯಾಮರಾ ಒಂದು ಕೋಟಿ ಪಿಕ್ಸೆಲಿನದು. ಒಳಪರದೆಯ ಕೆಳಗಿನದು ನಲವತ್ತು ಲಕ್ಷದ್ದು. ಸಂಖ್ಯೆ ಕಡಮೆ ಮಾಡಿ ಒಂದೊಂದನ್ನೂ ದೊಡ್ಡದು ಮಾಡಿದ್ದೇ ಸಾಲದ ಬೆಳಕನ್ನು ಹಿಡಿಯುವುದಕ್ಕಾಗಿ. ಹಲವು ವರ್ಷ ಇದನ್ನೇ ಮುಂದುವರಿಸಿ, ೨೦೨೫ರ ಝಡ್ ಫೋಲ್ಡ್ ೭ರಲ್ಲಿ ಆ ಕಂಪನಿ ಒಳಪರದೆಗೆ ಮತ್ತೆ ರಂಧ್ರವನ್ನೇ ಕೊರೆದು ಒಂದು ಕೋಟಿಯ ಕ್ಯಾಮರಾ ಕೂಡಿಸಿತು. ನಾನಾದರೆ ಅದನ್ನು ಸೋಲೆನ್ನುವುದಿಲ್ಲ. ನಷ್ಟದ ಖಾತೆಯನ್ನು ಮುಚ್ಚಿದ ಜಾಣತನವೆನ್ನುತ್ತೇನೆ. ಈ ಮಧ್ಯೆ ಬೇರೆಯವರು ಸುಲಭದ ದಾರಿ ಹಿಡಿದಿದ್ದಾರೆ. ಐಫೋನಿನಲ್ಲಿ ೨೦೨೦ರಿಂದಲೂ ವಿಡಿಯೋ ಕರೆಯಲ್ಲಿ ಕಣ್ಣಿನ ನೋಟವನ್ನು ಗಣಿತದಿಂದ ತಿದ್ದಿ, ಕ್ಯಾಮರಾ ನೋಡಿದಂತೆ ತೋರಿಸುವ ಏರ್ಪಾಡಿದೆ. ಕೆಲಸ ನಡೆಯುತ್ತದೆ. ಆದರೆ ಅದರಲ್ಲಿ ತಾಯಿಗೆ ಕಾಣುವುದು ಬರೆದ ಕಣ್ಣು.

ಅಡಗಿದ ಕಣ್ಣಿನ ಬಗ್ಗೆ ಇನ್ನೊಂದು ಮಾತಿದೆ. ನಮ್ಮ ಹಳೆಯ ಮನೆಗಳ ಜಾಲಂಧ್ರವನ್ನು ನೆನೆಯಿರಿ. ಒಳಗೆ ಕುಳಿತವರಿಗೆ ಬೀದಿ ಕಾಣುತ್ತಿತ್ತು, ಬೀದಿಯವರಿಗೆ ಒಳಗಿನವರು ಕಾಣುತ್ತಿರಲಿಲ್ಲ. ಆದರೆ ಅಲ್ಲಿ ಜಾಲಂಧ್ರವಿದೆಯೆಂಬುದಾದರೂ ಬೀದಿಯವನಿಗೆ ಗೊತ್ತಿರುತ್ತಿತ್ತು. ತಲೆಯೆತ್ತುವ ಕ್ಯಾಮರಾದಲ್ಲಿ ಈ ಸೌಜನ್ಯವಿತ್ತು. ನೋಡುವ ಮುಂಚೆ ಎದ್ದು ನಿಲ್ಲುತ್ತಿತ್ತು. ಪರದೆಯ ಕೆಳಗಿನದು ಎಲ್ಲಿದೆಯೆಂದೇ ತಿಳಿಯದಿದ್ದರೆ ಲ್ಯಾಪ್‌ಟಾಪಿಗೆ ಅಂಟಿಸುವಂತೆ ಕಾಗದದ ಚೂರನ್ನಾದರೂ ಎಲ್ಲಿಗೆ ಅಂಟಿಸುವುದು? ಕೆಲವು ಲ್ಯಾಪ್‌ಟಾಪುಗಳಲ್ಲಿ ಕ್ಯಾಮರಾ ಎಚ್ಚತ್ತರೆ ಪಕ್ಕದ ದೀಪ ಹತ್ತಲೇಬೇಕು, ಒಂದನ್ನು ಬಿಟ್ಟು ಒಂದು ನಡೆಯದಂತೆ ತಂತಿಯನ್ನೇ ಜೋಡಿಸಿರುತ್ತಾರೆ. ಕಣ್ಣನ್ನು ಅಡಗಿಸಿದ ಫೋನಿಗೆ ಇಂಥ ದೀಪ ಇರಲೇಬೇಕೆಂದು ನನ್ನ ಮತ. ಈಗಿರುವುದು ಸಾಫ್ಟ್‌ವೇರು ಬರೆಯುವ ಒಂದು ಹಸುರು ಗುರುತು. ಐಫೋನುಗಳಲ್ಲಿ ೨೦೨೦ರಿಂದ, ಆಂಡ್ರಾಯ್ಡಿನಲ್ಲಿ ೨೦೨೧ರ ಹನ್ನೆರಡನೆಯ ಆವೃತ್ತಿಯಿಂದ, ಕ್ಯಾಮರಾ ನಡೆಯುತ್ತಿರುವಾಗ ಪರದೆಯ ಮೇಲ್ತುದಿಯಲ್ಲಿ ಅದು ಕಾಣುತ್ತದೆ.

ಈಗ ಚಹಾದ ವಿರಾಮ. ಹಿರಿಯರು ತಮ್ಮ ತಮ್ಮ ಫೋನು ತಂದರೆ ಬೆರಳಚ್ಚಿನ ಪಟ್ಟಿಯಲ್ಲಿ ಎಷ್ಟು ಬೆರಳುಗಳು ದಾಖಲಾಗಿವೆ, ಹಸುರು ಗುರುತು ಎಲ್ಲಿ ಬರುತ್ತದೆ ಎಂಬೆರಡನ್ನೂ ಒಬ್ಬೊಬ್ಬರಿಗೇ ತೋರಿಸಿಕೊಡುತ್ತೇನೆ.